ಎಂಟನೆಯ ಕೊಂಡಿ

ಗುಳೇದಗುಡ್ಡ
೨೨೦೭ನೆಯ ಇಸವಿ, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಪೂಜ್ಯ ಚನ್ನಮಲ್ಲಪ್ಪಜ್ಜನವರಿಗೆ, ನಿಮ್ಮ ಏಳನೆಯ ತಲೆಮಾರಿನ ಮೊಮ್ಮಗಳು ನೀಲಾಂಬಿಕೆ ಮಾಡುವ ಶರಣು.

ಹದಿಮೂರನೆಯ ತಿಂಗಳು ಯಾವುದೆಂದು ಹುಬ್ಬೇರಿಸಬೇಡಿ, ನಮ್ಮ ಕ್ಯಾಲೆಂಡರ್ ಬದಲಾಗಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಮಾತಿನ ಬಿರುಸಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಿಮ್ಮನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ.

ನೀವು ಕಟ್ಟುವ ಉಡದಾರದ ಜಾಗದಲ್ಲಿ ನಮಗೆ ಅರೆದಾರವಿದೆ. ಇಪ್ಪತ್ತು ತುಂಬಿದ ದಿನ ಹುಡುಗ, ಹುಡುಗಿ ಎನ್ನದೆ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ನೂಲು ಹಿಡಿದು, ಅದನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸುತ್ತಾರೆ. ಆ ಅರ್ಧ ನೂಲು ನಡುವನ್ನು ಸುತ್ತಬೇಕು. ಪ್ರತಿ ಯುಗಾದಿಗೆ ಎಣ್ಣೆ ಹಚ್ಚಿಕೊಳ್ಳುವ ಮುಂಚೆ, ಹೊಟ್ಟೆ ಒಳಗೆಳೆಯದೆ, ಉಸಿರು ಬಿಟ್ಟು ಅದನ್ನು ಸುತ್ತಿ ನೋಡುತ್ತೇವೆ. ತುದಿಗಳು ಕೂಡದಿದ್ದರೆ ಹೋಳಿಗೆ ಪಕ್ಕಕ್ಕಿಟ್ಟು ಮೊದಲು ರಕ್ತದ ಸಕ್ಕರೆ ನೋಡಿಸುತ್ತೇವೆ. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ, ಲಿವರಿನ ಸುತ್ತ ಕೂಡಿದ ಕೊಬ್ಬು ಸಕ್ಕರೆ ಕಾಯಿಲೆಯನ್ನು ಕರೆತರಬಲ್ಲದೆಂದು ನಮ್ಮ ಅಂಗನವಾಡಿಯ ಮಕ್ಕಳಿಗೂ ಗೊತ್ತು. ತೂಕದ ಯಂತ್ರಕ್ಕೆ ಆ ಕೊಬ್ಬು ಕಾಣುವುದಿಲ್ಲ. ನಿಮ್ಮ ಕಾಲದಲ್ಲೂ ಇದನ್ನು ಹೇಳುವವರಿದ್ದರು, ಕೇಳುವವರಿರಲಿಲ್ಲ.

ನಿಮ್ಮ ನಡುವಿಗೆ ತೊಟ್ಟಿಲಲ್ಲೇ ಅಳತೆಯ ದಾರ ಕಟ್ಟಿದ್ದರಲ್ಲ ಅಜ್ಜಾ! ಅದು ಬಿಗಿಯಾದಾಗಲೆಲ್ಲ ನೀವು ಅಕ್ಕಸಾಲಿ ಪತ್ತಾರರ ಅಂಗಡಿಗೆ ಹೋಗಿ, ಬೆಳ್ಳಿಯ ಉಡದಾರಕ್ಕೆ ಕೊಂಡಿ ಕೂಡಿಸಿಕೊಂಡು ಬಂದಿರಿ. ಏಳನೆಯದನ್ನು ಕೂಡಿಸಿದ ದಿನ ಯಾರೋ ಫೋನಿನಲ್ಲಿ ಹಿಡಿದ ವಿಡಿಯೊ ಇಂದಿಗೂ ನಮ್ಮಲ್ಲಿದೆ. ಅಂಗಿ ಮೇಲೆತ್ತಿ, ಹೊಟ್ಟೆ ತಟ್ಟಿ ನೀವು ಪತ್ತಾರನಿಗೆ ಹೇಳುತ್ತೀರಿ: “ಏ ಮೌನೇಶಾ, ಇನ್ನೊಂದು ಕೊಂಡಿ ಕೂಡಸೋ. ತೂಕ ಬರೋಬ್ಬರಿ ಐತಿ. ಉಂಡ ಮನಿ ಅನ್ನೋದು ಹೊಟ್ಟಿ ಮ್ಯಾಲ ಕಾಣಬೇಕಪಾ!” ಹೊಟ್ಟೆ ಯಾರಿಗಿಲ್ಲ? ನನಗೆ ಅಸಹ್ಯ ಹುಟ್ಟಿಸುವುದು ಆ ಹೆಮ್ಮೆ. ಎಂಟನೆಯ ಕೊಂಡಿ ಬಿದ್ದ ಮೂರನೆಯ ವರ್ಷಕ್ಕೆ, ಸಕ್ಕರೆ ಕಾಯಿಲೆಯಿಂದ ಕೊಳೆತ ನಿಮ್ಮ ಎಡಪಾದ ತೆಗೆದರು.

ನನ್ನ ತಮ್ಮ ಸಂಗನಬಸವನಿಗೆ ಈಗ ಮೂವತ್ತೊಂದು. ಕಾಲು ಕಡ್ಡಿಯಂತಿವೆ. ಈ ಯುಗಾದಿಗೆ ಅವನ ಅರೆದಾರ ನಾಲ್ಕು ಬೆರಳು ಸಾಲಲಿಲ್ಲ. ಸಕ್ಕರೆ ನೋಡಿಸೆಂದು ಕೈಮುಗಿದೆ. ಅವನು ನೂಲನ್ನು ಕಸಕ್ಕೆಸೆದು, ಟ್ರಂಕಿನಿಂದ ನಿಮ್ಮ ಉಡದಾರ ತೆಗೆದು ಕಟ್ಟಿಕೊಂಡ. ಎಂಟನೆಯ ಕೊಂಡಿಗೆ ಸರಿಯಾಗಿ ಕೂಡಿತು. ಇದು ನಮ್ಮ ಮನೆತನದ ಮೈಕಟ್ಟು, ಅಜ್ಜನ ಅಳತೆ ನನಗೆ ಬಂದಿದೆ ಎಂದು ಓಣಿಯೆಲ್ಲ ತೋರಿಸಿ ಬಂದ. ತಂಬಿಗೆಗಟ್ಟಲೆ ನೀರು ಕುಡಿಯುತ್ತಾನೆ, ಕೇಳಿದರೆ ಬಿಸಿಲು ಎನ್ನುತ್ತಾನೆ. ಹೆಬ್ಬೆರಳಿನ ಗಾಯ ತಿಂಗಳಾದರೂ ಮಾಯ್ದಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ನಿಮ್ಮ ಕಾಲದ್ದೇ. ಇಲ್ಲಿ ಮಾಡಿದವರು ನೀವು, ಉಣ್ಣುತ್ತಿರುವವನು ಅವನು.

ನೀವು ಎಂಟನೆಯ ಕೊಂಡಿಗೆಂದು ಚಪ್ಪಲಿ ಮೆಟ್ಟುವ ದಿನವೇ ಈ ಪತ್ರ ನಿಮ್ಮ ಕೈಸೇರಲಿ. ಎರಡೂ ಕಾಲು ಇರುವಾಗಲೇ ಪತ್ತಾರರ ಅಂಗಡಿ ದಾಟಿ ಆಸ್ಪತ್ರೆಗೆ ನಡೆಯಿರಿ. ನನ್ನ ತಮ್ಮ ಟ್ರಂಕು ತೆರೆದ ದಿನ ಏಳೇ ಕೊಂಡಿಯ ಆ ಉಡದಾರ ಅವನಿಗೆ ಸಾಲದೆ ಹೋಗಲಿ.