ಆ ವರ್ಷದ ಗುಂಡಿಗಳು

ದೊಡ್ಡಮ್ಮಾ,

ಈ ಕಾಗದವನ್ನು ಅಂಗಡಿಯಲ್ಲಿ ಗಿರಾಕಿಗಳ ಎದುರಿಗೆ ಒಡೆಯಬೇಡ. ಮನೆಗೆ ಹೋಗಿ, ಕೂತು ಓದು. ಕಳೆದ ಭಾನುವಾರ ಫೋನಿನಲ್ಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ನೀನು ನಗುತ್ತಿದ್ದೆ, ನಾನೂ ಜೊತೆಗೆ ನಕ್ಕು ಫೋನಿಟ್ಟೆ. ಕಾಗದದಲ್ಲಾದರೆ ನಿನ್ನ ನಗು ಕೇಳಿಸುವುದಿಲ್ಲ.

ಡಾಕ್ಟರು ಮಣಿಕಟ್ಟಿನ ಆಪರೇಷನ್ನಿಗೆ ದಿನ ಕೊಟ್ಟರಂತೆ, ನೀನು ಒಲ್ಲೆ ಎಂದು ಎದ್ದು ಬಂದೆಯಂತೆ. "ಆ ಒಂದು ವರ್ಷ ತಾನಾಗೇ ಸರಿಹೋಗಿರ್ಲಿಲ್ವಾ? ನೀನೇ ನೋಡಿದ್ಯಲ್ಲ. ಮತ್ತೆ ಸರಿಹೋಗುತ್ತೆ ಬಿಡು" ಎಂದು ನೀನು ಅಂದೆ. ತಡಮಾಡಿದರೆ ಬೆರಳೆತ್ತುವ ಸ್ನಾಯುವೇ ಹರಿದುಹೋಗಬಹುದು ಎಂದು ಅವರು ಎಚ್ಚರಿಸಿದ್ದನ್ನು ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿ ಮುಗಿಸಿದೆ. ಆ ವರ್ಷದ ವಿಷಯ ನನಗೆ ಗೊತ್ತು ದೊಡ್ಡಮ್ಮ. ಅದಕ್ಕೇ ಬರೆಯುತ್ತಿದ್ದೇನೆ. ನೆಟ್ಟಗೆ ಅಲ್ಲಿಗೆ ಹೋಗಲು ಧೈರ್ಯ ಸಾಲದು. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೋ.

ಅಮ್ಮ ಹೋದ ಮೇಲೆ ನಿನ್ನ ಮನೆಗೆ ಬಂದಾಗ ನನಗೆ ಹದಿನೇಳು. ಮೊದಲ ಬೆಳಿಗ್ಗೆಯೇ ಕಂಡದ್ದು, ನೀನು ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿಕೊಂಡು ಬೆರಳುಗಳನ್ನು ಬೈಯುತ್ತ ಕೂತದ್ದು. "ಏಳ್ರೋ ಸೋಮಾರಿಗಳಾ, ಬಾಡಿಗೆ ಕೊಡೋದಿಲ್ಲ, ಕೆಲಸಾನೂ ಮಾಡೋದಿಲ್ಲ." ಸಂಧಿವಾತ ಎಂಬ ಹೆಸರನ್ನು ನಾನು ಕಲಿತದ್ದು ಆಮೇಲೆ. ಒಂದು ಲೋಟ ಎತ್ತಲು ನಿನಗೆ ಎರಡು ಅಂಗೈ ಬೇಕಿತ್ತು. ಜಡೆ ಹೆಣೆಯಲಾಗದೆ ಕೂದಲನ್ನು ಕತ್ತಿನ ತನಕ ಕತ್ತರಿಸಿಕೊಂಡು, ಕೇಳಿದವರಿಗೆಲ್ಲ "ಫ್ಯಾಷನ್ನು, ನಿಮಗೆ ಗೊತ್ತಾಗಲ್ಲ" ಎನ್ನುತ್ತಿದ್ದೆ. ಹತ್ತೂವರೆಗೆ ಬೆರಳುಗಳ ಬಿಗಿ ಬಿಟ್ಟರೆ ಹನ್ನೊಂದಕ್ಕೆ ಹೊಲಿಗೆ ಅಂಗಡಿಯ ಬಾಗಿಲು ತೆರೆಯುತ್ತಿತ್ತು. ಹೊತ್ತಾಯಿತೆಂದು ಗೊಣಗಿದವರಿಗೆ, "ಆತುರ ಇದ್ರೆ ರೆಡಿಮೇಡ್ ತಗೊಳ್ಳಿ, ತೋಳು ಮೊಣಕಾಲಿನ ತನಕ ಬರುತ್ತೆ." ಗೊಣಗಿದವರೂ ನಕ್ಕು ಬೆಂಚಿನ ಮೇಲೆ ಕೂರುತ್ತಿದ್ದರು. ನೋವನ್ನು ನೀನು ಮುಚ್ಚಿಡುತ್ತಿರಲಿಲ್ಲ, ಅದಕ್ಕೆ ಮಣೆ ಹಾಕುತ್ತಿರಲಿಲ್ಲ ಅಷ್ಟೆ. ನಾನು ನಿನ್ನನ್ನು ನೋಡುತ್ತ ಕೆಲಸ ಮರೆತು ನಿಂತುಬಿಡುತ್ತಿದ್ದೆ.

ಶಾಲೆಯ ಮೇಷ್ಟ್ರು ಹೊಸ ಕೋಟು ಹೊಲಿಸಿದ್ದು ನೆನಪಿದೆಯಲ್ಲ? ವಾರದೊಳಗೆ ಎರಡು ಗುಂಡಿ ಕಿತ್ತುಬಂದವು. ಅವರು ಏನೂ ಅನ್ನದೆ ಗುಂಡಿಗಳನ್ನು ನಿನ್ನ ಮೇಜಿನ ಮೇಲಿಟ್ಟು ನಿಂತರು. ಬೈದಿದ್ದರೆ ವಾಸಿಯಿತ್ತು. ಆ ಮಧ್ಯಾಹ್ನ ನೀನು ಊಟ ಮಾಡಲಿಲ್ಲ. ನಿನ್ನ ಬೆರಳಿಗೆ ದಾರ ಬಿಗಿಯುವ ಶಕ್ತಿಯಿಲ್ಲ ಎನ್ನುವುದು ನನಗೆ ಎಂದೋ ಗೊತ್ತಿತ್ತು, ನಿನಗೆ ಗೊತ್ತಾದದ್ದು ಅಂದೇ ಇರಬೇಕು.

ಮಾರನೆಯ ದಿನದಿಂದ, ಎರಡರಿಂದ ನಾಲ್ಕರವರೆಗೆ ನೀನು ಒಳಕೋಣೆಯಲ್ಲಿ ಒರಗಿಕೊಂಡಿರುವಾಗ, ನೀನು ಹೊಲಿದಿಟ್ಟ ಗುಂಡಿಗಳನ್ನೆಲ್ಲ ಬಿಚ್ಚಿ, ಅವೇ ತೂತುಗಳಲ್ಲಿ, ಅದೇ ಬಣ್ಣದ ದಾರದಲ್ಲಿ ಮತ್ತೆ ಹೊಲಿದೆ. ಗುಂಡಿ ತೂರಿಸುವ ಕಾಜಾಗಳನ್ನೂ ಬಿಗಿ ಮಾಡಿದೆ, ಮಡಿಚಿದ ಅಂಚುಗಳನ್ನೂ. ಒಂದೆರಡು ದಿನವಲ್ಲ, ಕೆಲಸ ಸಿಕ್ಕಿ ನಾನು ಹೊರಡುವ ತನಕ, ಪೂರ್ತಿ ಒಂದು ವರ್ಷ. ಕಲಿಸಿದವಳು ನೀನೇ ಆದ್ದರಿಂದ ನನ್ನ ಹೊಲಿಗೆ ಯಾವುದು, ನಿನ್ನದು ಯಾವುದು ಎಂದು ನಿನಗೇ ತಿಳಿಯಲಿಲ್ಲ.

ಮೇಷ್ಟ್ರು ಮುಂದಿನ ಕೋಟಿನ ಗುಂಡಿ ಹಿಡಿದು ಜಗ್ಗಿ ನೋಡಿ, "ನಿಮ್ಮ ಹಳೇ ಕೈ ವಾಪಸ್ ಬಂತಲ್ಲಮ್ಮ" ಎಂದರು. ಅವರು ಹೋದ ಮೇಲೆ ನೀನು ನಿನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. "ನೋಡಿದ್ಯೇನೇ, ಸೋಮಾರಿಗಳು ಬುದ್ಧಿ ಕಲಿತ್ರು." ನಾನು ಹೂಂ ಎಂದೆ. ಬಾಯಿಬಿಡಬೇಕಾದದ್ದು ಆ ಕ್ಷಣದಲ್ಲಿ. ಬಿಡಲಿಲ್ಲ.

ಆ ವರ್ಷ ನಿನ್ನ ಕೈ ಏನೂ ವಾಸಿಯಾಗಿರಲಿಲ್ಲ ದೊಡ್ಡಮ್ಮ. ನೋವು ಒಂದು ಚೂರೂ ಇಳಿದಿಲ್ಲವೆಂದು ನಿನಗೆ ತಿಳಿದೇ ಇತ್ತು. ಹೊಲಿಗೆ ಗಟ್ಟಿಯಾಗಿದೆಯಲ್ಲ ಎಂದು ನೀನು ನಿನ್ನ ನೋವನ್ನೇ ಸುಳ್ಳು ಅಂದುಕೊಂಡೆ. ಸುಳ್ಳಾಗಿದ್ದದ್ದು ನಾನು.

ನಾಲ್ಕು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀಯ. ಇಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ಇನ್ನೂರು ಜನ ಇದ್ದೇವೆ. ನನ್ನದು ತಪಾಸಣೆಯ ಮೇಜು, ಎದುರಿಗೆ ಗೋಡೆ. ಮಷೀನಿನ ಸದ್ದಿನಲ್ಲಿ ಯಾರಿಗೂ ಯಾರ ಮಾತೂ ಕೇಳಿಸದು, ಮೇಲ್ವಿಚಾರಕರು ನನ್ನನ್ನು ಮೇಜಿನ ನಂಬರು ಹಿಡಿದು ಕರೆಯುತ್ತಾರೆ. ಸಂಜೆ ರೂಮಿಗೆ ಬಂದರೆ ಒಂದೇ ಕುರ್ಚಿ. ಎರಡನೆಯದು ಬೇಕೆಂದು ಯಾವತ್ತೂ ಅನ್ನಿಸಿಲ್ಲ, ಯಾರೂ ಬಂದಿಲ್ಲ. ಭಾನುವಾರ ಹತ್ತು ಗಂಟೆಗೆ ತಲೆ ಬಾಚಿಕೊಂಡು, ನೀನು ನೋಡುತ್ತೀಯೇನೋ ಎಂಬ ಹಾಗೆ, ಫೋನಿನ ಮುಂದೆ ಕೂರುತ್ತೇನೆ. ವಾರದಲ್ಲಿ ನಾನು ಮನಸಾರೆ ಆಡುವ ಮಾತು ಅಷ್ಟೇ. ನಿಜ ಹೇಳಿದರೆ ಅದೂ ಹೋದೀತು ಎಂದು ಹೆದರಿದೆ. ನಿನ್ನ ಕೈಗಿಂತ ನನಗೆ ನನ್ನ ಭಾನುವಾರ ದೊಡ್ಡದಾಯಿತು. ಬರೆಯಲು ನಾಚಿಕೆಯಾಗುತ್ತದೆ.

"ಗುಂಡಿ ನಾನು ಹಾಕ್ತೀನಿ, ಕೊಡು" ಎಂದು ಕೇಳಿದ್ದರೆ ನಾಲ್ಕು ಮಾತು ಬೈದು ನೀನು ಕೊಟ್ಟೇಬಿಡುತ್ತಿದ್ದೆ. ನಾನು ಕೇಳಲಿಲ್ಲ. ಇಪ್ಪತ್ತು ವರ್ಷ ಈ ಕಾಯಿಲೆಯ ಜೊತೆ ಒಂದೇ ಸೂರಿನಡಿ ಬಾಳಿದವಳಿಗೆ ನಿಜ ತಡೆದುಕೊಳ್ಳುವ ಶಕ್ತಿಯಿಲ್ಲವೆಂದು ಹದಿನೇಳರ ಹುಡುಗಿ ತೀರ್ಮಾನ ಮಾಡಿದಳು. ಎಂಥ ಅಹಂಕಾರ ನೋಡು.

ಇನ್ನೊಂದು ಮಾತು, ಇದನ್ನು ಎರಡು ಸಲ ಓದು. ನಾನು ಮುಟ್ಟಿದ್ದು ಗುಂಡಿ, ಕಾಜಾ, ಅಂಚು ಮಾತ್ರ. ಕತ್ತರಿಯ ಹಿಡಿಗೆ ಚಿಂದಿ ಸುತ್ತಿ, ಎರಡು ಕೈಯಲ್ಲಿ ಒತ್ತಿ ಬಟ್ಟೆ ಕತ್ತರಿಸಿದವಳು ನೀನು. ಒಂದು ಹೆಗಲು ತಗ್ಗಿದವನನ್ನು ಕಣ್ಣಲ್ಲೇ ಅಳೆದು, ಅವನಿಗೂ ತಿಳಿಯದ ಹಾಗೆ ಅಂಗಿಯಲ್ಲಿ ಅದನ್ನು ಸರಿಮಾಡಿದವಳು ನೀನು. ಅದಕ್ಕೆ ನಾನು ಕೈ ಹಾಕಲಿಲ್ಲ, ನನಗೆ ಇವತ್ತಿಗೂ ಬರುವುದಿಲ್ಲ. ಮೇಷ್ಟ್ರು ಮತ್ತೆ ಮತ್ತೆ ಬಂದದ್ದು ಗುಂಡಿಗಾಗಿ ಅಲ್ಲ.

ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹತ್ತು ದಿನವಿದೆ. ಹೋಗು. ಹೋಗಿ, ತಪ್ಪಾಯಿತು, ಬರುತ್ತೇನೆ ಎಂದು ಹೇಳು. ಜೊತೆಗೆ ಬಾ ಅಂದರೆ ರಜೆ ಹಾಕಿ ಬರುತ್ತೇನೆ. ಬರಬೇಡ ಅಂದರೆ ಬರುವುದಿಲ್ಲ. ಈ ಭಾನುವಾರ ಫೋನು ಬರದಿದ್ದರೂ ಯಾಕೆಂದು ಕೇಳುವುದಿಲ್ಲ. ನನ್ನ ಮೇಲೆ ಎಷ್ಟು ವರ್ಷ ಬೇಕಾದರೂ ಸಿಟ್ಟು ಇಟ್ಟುಕೋ. ಆ ಸಿಟ್ಟನ್ನು ನಿನ್ನ ಕೈಗಳ ಮೇಲೆ ಮಾತ್ರ ತೀರಿಸಿಕೊಳ್ಳಬೇಡ.

ನೀನು ನೆಮ್ಮದಿಯಾಗಿರು, ದೊಡ್ಡಮ್ಮ. ನನ್ನನ್ನು ಹರಸಬೇಕೆಂದು ಈ ಸಲ ಕೇಳುವುದಿಲ್ಲ.

ನಿನ್ನ ತಂಗಿಯ ಮಗಳು