ತೂಕಕ್ಕೆ ಮುಂಚೆ ಹಣ್ಣು ಮುಟ್ಟದ ನನ್ನ ಮಗಳು

ಮಕ್ಕಳ ಬುದ್ಧಿ ಅಳೆಯಲು ನಮ್ಮ ಎಸ್ಟೇಟಿಗೆ ಬಂದುಹೋದ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಧನ್ಯಶ್ರೀಗೆ ವಯಸ್ಸಿಗೆ ತಕ್ಕ ಬುದ್ಧಿ ಬೆಳೆದಿಲ್ಲ ಎಂದು ನೀವು ಬರೆದಿದ್ದೀರಿ. ಜೂನ್‌ನಿಂದ ಅವಳನ್ನು ಚಿಕ್ಕಮಗಳೂರಿನ ಆಚೆಗಿರುವ ವಸತಿ ಶಾಲೆಗೆ ಕಳಿಸಬೇಕು, ನಾನು ಒಪ್ಪದಿದ್ದರೆ ಇಲ್ಲಿನ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಬಾರದು ಎಂದೂ ಹೇಳಿಹೋಗಿದ್ದೀರಿ. ನಾನು ಒಪ್ಪುವುದಿಲ್ಲ. ಇದನ್ನು ಹೇಳಲು ನಿಮ್ಮ ಕಚೇರಿಗೆ ಬಂದೆ. ಅರ್ಜಿ ಕೊಡಿ ಅಂದರು. ಅರ್ಜಿ ಕೊಟ್ಟರೆ, ಸಾಹೇಬರು ಫೀಲ್ಡಿನಲ್ಲಿದ್ದಾರೆ ಅಂದರು. ನಾನು ಬಾಳೂರಿಗೂ ಕಳಸಕ್ಕೂ ದಿನಾ ಜೀಪು ಓಡಿಸುವವನು. ಫೀಲ್ಡಿನಲ್ಲೂ ನೀವು ಸಿಗಲಿಲ್ಲ. ಹಾಗಾಗಿ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಓದಿದವನು ನಾನು. ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವುದು ನಿಮಗೆ ರೂಢಿಯೇ ಇದೆ.

ನೀವು ಬಂದದ್ದು ರೊಬಸ್ಟಾ ಕಾಫಿ ಕೊಯ್ಲಿನ ಹೊತ್ತಿನಲ್ಲಿ. ಅವತ್ತು ನಡೆದದ್ದನ್ನು ಕಣದಲ್ಲಿದ್ದವರು ಸಂಜೆ ನನಗೆ ಹೇಳಿದರು. ಕಣದ ಬದಿಯಲ್ಲಿ ಮೇಜು ಹಾಕಿಸಿದಿರಿ. ಹಳ್ಳಿ ಮಕ್ಕಳಿಗೆ ಸ್ಥಳೀಯ ವಸ್ತುಗಳಿಂದಲೇ ಪರೀಕ್ಷೆ ಮಾಡುತ್ತೇವೆ ಎಂದು ಹೆಮ್ಮೆಯಿಂದ ಹೇಳಿ, ತೂಕದ ಲೆಕ್ಕ ಬರೆಯುವ ರೈಟರ್ ಉಮೇಶ್ ಅವರಿಂದ ಆಗಷ್ಟೇ ತೋಟದಿಂದ ಬಂದಿದ್ದ ಒಂದು ಬುಟ್ಟಿ ಕಾಫಿ ಹಣ್ಣು ತರಿಸಿದಿರಿ. ಧನ್ಯಳನ್ನು ಒಬ್ಬಳನ್ನೇ ಮುಂದೆ ನಿಲ್ಲಿಸಿ, "ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಇಡು ಪುಟ್ಟಿ" ಅಂದಿರಿ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮತ್ತೆ ಹೇಳಿದಿರಿ. ಅವಳು ಬುಟ್ಟಿ ನೋಡಿದಳು, ನಿಮ್ಮ ಮುಖ ನೋಡಿದಳು, ತಕ್ಕಡಿ ತೂಗುಹಾಕಿದ್ದ ಕಡೆ ನೋಡಿದಳು. "ಇದಕ್ಕೆ ಭಾಷೆ ಅರ್ಥ ಆಗಲ್ವಾ?" ಎಂದು ಪಕ್ಕದವರನ್ನು ಕೇಳಿದಿರಿ. ನನ್ನ ಮಗಳು 'ಇದು' ಆದದ್ದು ಆಗಲೇ.

ನಮ್ಮ ಲೈನಿನ, ಅಂದರೆ ಕೆಲಸಗಾರರ ಮನೆಸಾಲಿನ, ಮಕ್ಕಳನ್ನು ಹಗಲು ನೋಡಿಕೊಳ್ಳುವ ಹುಚ್ಚಮ್ಮ ಅಲ್ಲೇ ನಿಂತಿದ್ದರು. "ಅಯ್ಯೋ ಸ್ವಾಮಿ, ಅವ್ಳು ಮುಟ್ಟಲ್ಲ. ಇನ್ನೂ ತೂಕ ಆಗಿಲ್ವಲ್ಲ!" ಅಂದರು.

"ಅಜ್ಜಿ, ಮಧ್ಯೆ ಬಾಯಿ ಹಾಕಬೇಡಿ."

"ಬಾಯಿ ಹಾಕ್ದೆ ಮಗು ಬೆಳೆಸೋದು ಹ್ಯಾಂಗೆ ಮಾರಾಯ? ನಿಮ್ಮವ್ವ ನಿಮ್ಮನ್ನ ಬಾಯಿಗೆ ಬೀಗ ಹಾಕ್ಕೊಂಡು ಸಾಕಿದ್ಲಾ?"

ಕಣದಲ್ಲಿದ್ದವರೆಲ್ಲ ನಕ್ಕರು, ನೀವು ನಗಲಿಲ್ಲ. ಹುಚ್ಚಮ್ಮ ಮಗುವಿನ ಕಡೆ ತಿರುಗಿ, "ತೂಕ ಆಯ್ತು ಕಣೆ, ಇನ್ನು ಮುಟ್ಟು" ಅಂದರು. ಧನ್ಯ ನಂಬದೆ ಉಮೇಶ್ ಅವರ ಮುಖ ನೋಡಿದಳು. "ಆಯ್ತು ಮಾರಾಯ್ತಿ, ಬರ್ಕೊಂಡಿದೀನಿ" ಎಂದು ಅವರೂ ಒಂದು ಸುಳ್ಳು ಹೇಳಿದರು. ಆಮೇಲೆ ಕೂತು ಬೇರೆ ಮಾಡಿದಳು ನೋಡಿ. ಕೆಂಪು ಅತ್ತ, ಹಸಿರು ಇತ್ತ. ಅರ್ಧ ಬಣ್ಣ ತಿರುಗಿದ್ದೊಂದನ್ನು ಎತ್ತಿ ಹಿಡಿದು, "ಅಜ್ಜಿ, ಇದನ್ನ ಯಾರು ಕಿತ್ತಿದ್ದು? ಇದು ಇನ್ನೂ ಗಿಡದಲ್ಲಿ ಇರ್ಬೇಕಿತ್ತು" ಅಂದಳು. ಅಷ್ಟರಲ್ಲಿ ನೀವು ಪೆನ್ನಿನ ಮುಚ್ಚಳ ಹಾಕಿಯಾಗಿತ್ತು. "ಸಹಾಯ ಕೊಟ್ಟಾಯಿತು. ಇದು ಲೆಕ್ಕಕ್ಕೆ ಬರುವುದಿಲ್ಲ."

ಆ ಮಾತಿನ ಬಗ್ಗೆಯೇ ನನ್ನ ತಕರಾರು. ಆ ಬೆಳಿಗ್ಗೆ ನೀವು ದಾರಿ ತಪ್ಪಿ, ಬಾಳೂರಿನ ತಿರುವಿನಲ್ಲಿ ಒಂದು ಜೀಪು ನಿಲ್ಲಿಸಿ ನಮ್ಮ ಎಸ್ಟೇಟ್ ಎಲ್ಲಿ ಎಂದು ಕೇಳಿದ್ದು ನೆನಪಿದೆಯೇ? ಆ ಜೀಪು ನನ್ನದು. ನಾನು ದಾರಿ ಹೇಳಿದೆ. ಹಾಗಾದರೆ ನೀವು ಬಂದು ತಲುಪಿದ್ದೂ ಲೆಕ್ಕಕ್ಕೆ ಬರುವುದಿಲ್ಲವೇ? ಮುಂದಿನ ಸಲ ಕೇಳದೆಯೇ ಬರುತ್ತೀರಲ್ಲ, ಅದು ಇವತ್ತು ಹೇಳಿಸಿಕೊಂಡದ್ದರಿಂದ ತಾನೆ? ಮಗು ಇವತ್ತು ಇನ್ನೊಬ್ಬರ ಮಾತು ಹಿಡಿದು ಮಾಡಿದ್ದನ್ನು ನಾಳೆ ತಾನೇ ಮಾಡುತ್ತದೆ. ಬುದ್ಧಿ ಎನ್ನುವುದು ಒಂದು ಮಗುವಿನ ತಲೆಯೊಳಗೆ, ಬಾಗಿಲು ಮುಚ್ಚಿಕೊಂಡು, ಯಾರ ಹಂಗೂ ಇಲ್ಲದೆ ಬೆಳೆಯುತ್ತದೆ ಎಂದು ನಿಮಗೆ ಕಲಿಸಿದವರು ಯಾರು? ಅದನ್ನೂ ನಿಮಗೆ ಯಾರೋ ಒಬ್ಬರು ಕಲಿಸಿರಲೇಬೇಕಲ್ಲ!

ಕೈ ಕಟ್ಟಿ ನಿಂತದ್ದರ ವಿಷಯವನ್ನೂ ಹೇಳುತ್ತೇನೆ. ಕೊಯ್ಲಿನಲ್ಲಿ ಕಿತ್ತ ಹಣ್ಣಿನ ತೂಕ ನೋಡಿ ಕೂಲಿ ಕೊಡುತ್ತಾರೆ, ಎಲ್ಲರ ಹಣ್ಣಿನ ರಾಶಿಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ಆಟಕ್ಕೆಂದು ಮಗು ಒಂದು ಹಿಡಿ ಹಣ್ಣನ್ನು ಈ ರಾಶಿಯಿಂದ ಆ ರಾಶಿಗೆ ಹಾಕಿದರೆ ಎರಡು ಮನೆಯವರಿಗೆ ಮಾತು ನಿಲ್ಲುತ್ತದೆ. ಅದಕ್ಕೇ ತೂಕ ಆಗುವವರೆಗೆ ಮಕ್ಕಳು ಹಣ್ಣು ಮುಟ್ಟುವ ಹಾಗಿಲ್ಲ. ಇದನ್ನು ಯಾರೂ ಪಾಠ ಮಾಡಿಲ್ಲ. ನಡೆಯಲು ಕಲಿಯುವಾಗಲೇ ಮಕ್ಕಳು ದೊಡ್ಡವರ ಕಣ್ಣು ನೋಡಿ ಕಲಿಯುತ್ತಾರೆ. ಈ ಹಣ್ಣು ಬೇರೆಯವರದ್ದು, ಇನ್ನೂ ತೂಕ ಆಗಿಲ್ಲ, ಹೇಳುತ್ತಿರುವವರು ಹೊಸಬರು ಎಂದು ಯೋಚಿಸಿಯೇ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಪೇಟೆಯ ಮಗುವಾಗಿದ್ದರೆ ಬುಟ್ಟಿಗೆ ಕೈ ಹಾಕಿ ಪೂರ್ತಿ ಅಂಕ ತೆಗೆಯುತ್ತಿತ್ತು. ಆ ಮಗುವನ್ನು ನಾನು ಹಳಿಯುವುದಿಲ್ಲ, ಅದು ತನ್ನ ಜನರಿಂದ ಕಲಿತದ್ದನ್ನು ಮಾಡುತ್ತದೆ. ಇಬ್ಬರು ಮಕ್ಕಳೂ ಯೋಚಿಸುವವರೇ. ಒಬ್ಬಳು ಯೋಚಿಸಿದ್ದು ನಿಮಗೆ ಕಾಣಲಿಲ್ಲ.

ಹೊಸಬರೆದುರು ಅವಳು ಮಾತಾಡುವುದಿಲ್ಲ ಎಂದು ಬರೆದಿದ್ದೀರಿ. ಅದು ನಿಜ. ಯಾಕೆಂದು ನೀವು ಕೇಳಲಿಲ್ಲ. ಅವಳ ಅಮ್ಮ ಸ್ವಾತಿ ಕಳೆದ ಆಷಾಢದಲ್ಲಿ ಜ್ವರ ಬಂದು ತೀರಿಕೊಂಡಳು. ನಮ್ಮ ಮನೆಯಲ್ಲಿ ಮಾತಾಡುತ್ತಿದ್ದವಳು ಅವಳೇ. ನಾನು ಹೇಳಬೇಕಾದ್ದನ್ನು ಡೈರಿಯಲ್ಲಿ ಬರೆದಿಡುವ ಜಾತಿ. ಸ್ವಾತಿ ಒಲೆ ಮುಂದೆ ನಿಂತು, "ಉಪ್ಪು ಹಾಕಿದ್ನೇನೇ? ನೀ ನೋಡಿದ್ಯಾ?" ಎಂದು ಮಗಳನ್ನು ಕೇಳುತ್ತಿದ್ದಳು. ಅವಳು ಮರೆತಿರುತ್ತಿರಲಿಲ್ಲ, ಮಗಳು ನೆನಪಿಟ್ಟುಕೊಳ್ಳಲಿ ಎಂದು ಮರೆತವಳ ಹಾಗೆ ಮಾಡುತ್ತಿದ್ದಳು. ಆಷಾಢ ಕಳೆದ ಮೇಲೆ ನಮ್ಮ ಅಡುಗೆಮನೆಯಲ್ಲಿ ಕೇಳುವವರು ಇರಲಿಲ್ಲ, ಹೇಳುವವಳೂ ಸುಮ್ಮನಾದಳು. ನಾನು ಜೀಪಿಗೆ ಹೋಗುವಾಗ ಅವಳನ್ನು ಹುಚ್ಚಮ್ಮನ ಜಗಲಿಯಲ್ಲಿ ಬಿಡತೊಡಗಿದೆ. ಅಲ್ಲಿ ಲೈನಿನ ಮಕ್ಕಳ ಜಗಳ, ಆಟ, ಚಾಡಿ, ಹುಚ್ಚಮ್ಮನ ಬೈಗುಳ. ಮೊದಲು ಬರೀ ಕೂತಿರುತ್ತಿದ್ದಳಂತೆ. ದೀಪಾವಳಿ ಕಳೆದು ಒಂದು ಸಂಜೆ ಕರೆದುಕೊಂಡು ಬರಲು ಹೋದಾಗ, ಯಾರೋ ಆಟದಲ್ಲಿ ಮೋಸ ಮಾಡಿದರೆಂದು ಅವಳು ಕೂಗಾಡುತ್ತಿದ್ದಳು. ನಾನು ಒಳಗೆ ಹೋಗದೆ ಆಚೆಯೇ ನಿಂತು ಕೇಳಿಸಿಕೊಂಡೆ. ಅವತ್ತು ಡೈರಿಯಲ್ಲಿ ಬರೆಯಲು ಆಗಲಿಲ್ಲ.

ಈ ಜಗಲಿಯಿಂದ ಅವಳನ್ನು ಎಬ್ಬಿಸಿಕೊಂಡು ಹೋಗಿ, ಬುದ್ಧಿ ಬೆಳೆಸುತ್ತೇವೆ ಅನ್ನುತ್ತೀರಿ. ನಿಮ್ಮ ವಸತಿ ಶಾಲೆ ಬೇಕಾದ ಮಕ್ಕಳಿದ್ದಾರೆ, ಅಲ್ಲಿ ದುಡಿಯುವವರ ಬಗ್ಗೆ ನನಗೆ ಗೌರವವಿದೆ. ಆದರೆ ಅಮ್ಮನನ್ನು ಕಳೆದುಕೊಂಡು ಈಗಷ್ಟೇ ಬಾಯಿ ಬಿಟ್ಟ ಮಗುವಿನಿಂದ ಮಾತಿನ ಜೊತೆಗಾರರನ್ನೆಲ್ಲ ಒಂದೇ ದಿನ ಕಿತ್ತುಕೊಳ್ಳುವುದಕ್ಕೆ ನಿಮ್ಮ ಇಲಾಖೆಯಲ್ಲಿ ಏನೆಂದು ಹೆಸರು? ಅಭಿವೃದ್ಧಿಯೇ?

ನನ್ನ ಬೇಡಿಕೆ ಇದು. ಶಾಲೆಗೆ ಕೊಟ್ಟ ಸೂಚನೆಯನ್ನು ಹಿಂದಕ್ಕೆ ಪಡೆಯಿರಿ. ಮತ್ತೆ ಬನ್ನಿ, ಮೇಜು ಬೇಡ, ಹುಚ್ಚಮ್ಮನ ಜಗಲಿಯಲ್ಲಿ ಒಂದು ಹಗಲು ಕೂತುಕೊಳ್ಳಿ. ಅವಳನ್ನು ಕೇಳಿ, ಅವಳಿಗೂ ಕೇಳಲು ಬಿಡಿ. ಒಬ್ಬಳೇ ಏನು ಮಾಡಿದಳು ಎಂಬುದರ ಜೊತೆಗೆ, ಜೊತೆಯಲ್ಲಿದ್ದಾಗ ಏನು ಮಾಡಿದಳು ಎಂಬುದನ್ನೂ ಬರೆಯಿರಿ. ಬರದಿದ್ದರೆ ನಷ್ಟ ನಿಮ್ಮದು. ಶಾಲೆ ಶುರುವಾಗುವ ದಿನ ನಾನು ಮಗಳ ಕೈ ಹಿಡಿದು ಇಲ್ಲಿನ ಶಾಲೆಯ ಬಾಗಿಲಿಗೆ ಹೋಗುತ್ತೇನೆ. ಬೇಡ ಅನ್ನುವುದಿದ್ದರೆ ನೀವೇ ಅಲ್ಲಿ ನಿಂತು, ಅವಳ ಮುಖ ನೋಡಿಕೊಂಡು ಅನ್ನಬೇಕು. ನನಗೆ ಮಾತು ಕಡಿಮೆ, ನಿಜ. ಅವತ್ತು ಲೈನಿನವರೆಲ್ಲ ಕೆಲಸಕ್ಕೆ ರಜೆ ಹಾಕಿ ಬರುತ್ತಿದ್ದಾರೆ. ಧನ್ಯಶ್ರೀ ನಿಮ್ಮೆದುರು ಇನ್ನೊಮ್ಮೆ ಒಬ್ಬಳೇ ನಿಲ್ಲುವುದಿಲ್ಲ.

ಇಂತಿ,
ನಿಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದ, ಉಪ್ಪು ಹಾಕಿದೆನೋ ಇಲ್ಲವೋ ಎಂದು ಮಗಳನ್ನು ಕೇಳಲು ಈಗೀಗ ಕಲಿಯುತ್ತಿರುವ
ದಯಾನಂದ
ಎಸ್ಟೇಟ್ ಲೈನ್, ಬಾಳೂರು