ಏಳನೆಯ ದನಿ

ಲೋ ಆಮೆ,

ಇವತ್ತು ಮತ್ತೆ ಚಾರಣದ ಗುಂಪಿನ ಜೊತೆ ಕೋಟೆ ಹತ್ತಿದೆ, ನೀನು ಕಣಿವೆಗೆ ಬಿದ್ದು ಹೋದ ಮೇಲೆ ಮೊದಲ ಸಲ. ಕಾಡಿನಲ್ಲಿ ಈಗಲೂ ಅದೇ ಪದ್ಧತಿ: ಪ್ರತಿ ತಿರುವಿನಲ್ಲೂ ಒಬ್ಬೊಬ್ಬರೂ ತಮ್ಮ ಸಂಖ್ಯೆ ಕೂಗಬೇಕು, ಒಂದು ದನಿ ತಪ್ಪಿದರೂ ಎಲ್ಲರೂ ನಿಲ್ಲಬೇಕು. ನನಗೆ ಹಳೆಯ ಎಂಟೇ ಸಿಕ್ಕಿತು. ನಿನ್ನ ಏಳು ಒಬ್ಬ ನರ್ಸ್ ಪಾಲಿಗೆ ಬಂತು.

ಕೋಟೆಬಾಗಿಲ ಕೆಳಗೆ "ಆರು" ಆದ ಮೇಲೆ ದನಿಯೇ ಇಲ್ಲ. ಸಾಲೆಲ್ಲ ನಿಂತಿತು. ನೋಡಿದರೆ ಆಕೆ ಹಿಂದಿನ ತಿರುವಿನಲ್ಲಿ ನೀರು ಕುಡಿಯುತ್ತಿದ್ದಳು.

"ಅಯ್ಯೋ, ಇಲ್ಲೇ ಇದ್ದೀನಿ! ಏಳು!" ಎಂದು ನಕ್ಕಳು.

ಎಂಟು ಕೇಳಲು ಎಲ್ಲರೂ ನನ್ನತ್ತ ತಿರುಗಿದರು.

ಅವತ್ತು ನೀನು ಎಂದಿನಂತೆ ಹಿಂದೆ ಕುಂಟುತ್ತ ಬರುತ್ತಿದ್ದೀಯ ಎಂದುಕೊಂಡು, ನಿನ್ನ ದನಿಯನ್ನೇ ಅಣಕಿಸಿ ಏಳನ್ನೂ ನಾನೇ ಕೂಗಿದ್ದೆ. ಎಲ್ಲರೂ ನಕ್ಕರು. ಯಾರೂ ನಿಲ್ಲಲಿಲ್ಲ.